ನಲವತ್ತು ಸೆಕೆಂಡಿನ ಬಾಯ್ಡ್

ಪ್ರಶ್ನೆ: ನಮ್ಮ ಆಫೀಸಿನ ಟ್ರೈನಿಂಗ್‌ನಲ್ಲಿ ‘ಊಡಾ ಲೂಪ್’ ಅಂತ ಒಂದು ಚಕ್ರ ತೋರಿಸಿದರು. ಅಬ್ಸರ್ವ್, ಓರಿಯಂಟ್, ಡಿಸೈಡ್, ಆ್ಯಕ್ಟ್, ಅಂದರೆ ಗಮನಿಸು, ಗ್ರಹಿಸು, ತೀರ್ಮಾನಿಸು, ಮಾಡು. ಬೇಗ ಸುತ್ತಿದವನೇ ಗೆಲ್ಲೋದು ಅಂದರು. ಯಾರೋ ಯುದ್ಧವಿಮಾನದ ಪೈಲಟ್ ಹೇಳಿದ್ದಂತೆ. ಯಾರು ಸರ್ ಆತ? ಪುಸ್ತಕ ಎಲ್ಲಿ ಸಿಗುತ್ತೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಪುಸ್ತಕ ಹುಡುಕಬೇಡಿ. ಆತ ಬರೆಯಲೇ ಇಲ್ಲ! ಹೆಸರು ಜಾನ್ ಬಾಯ್ಡ್, ಅಮೆರಿಕದ ವಾಯುಪಡೆಯ ಕರ್ನಲ್, 1927ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡವರು. ಊಡಾದಂಥ ವಿಚಾರಗಳ ಬಗ್ಗೆ 1976ರ ಒಂದು ಚಿಕ್ಕ ಪ್ರಬಂಧ ಬಿಟ್ಟರೆ ಮಿಕ್ಕಿದ್ದೆಲ್ಲ ಸ್ಲೈಡು ಇಟ್ಟುಕೊಂಡು ಗಂಟೆಗಟ್ಟಲೆ ಮಾತಾಡಿದ್ದು.

ನೆವಾಡಾದ ನೆಲ್ಲಿಸ್ ವಾಯುನೆಲೆಯಲ್ಲಿ ಪೈಲಟ್‌ಗಳಿಗೆ ಪಾಠ ಹೇಳುವಾಗ ಒಂದು ಪಂದ್ಯ ಕಟ್ಟುತ್ತಿದ್ದರಂತೆ. ನೀನು ನನ್ನ ಬೆನ್ನ ಹಿಂದೆ ಇರು, 40 ಸೆಕೆಂಡಿನೊಳಗೆ ನಾನು ನಿನ್ನ ಬೆನ್ನ ಹಿಂದೆ ಬರದಿದ್ದರೆ 40 ಡಾಲರ್ ಕೊಡ್ತೀನಿ ಅಂತ. ಸೋತಿದ್ದೇ ಇಲ್ಲ ಅನ್ನುತ್ತಾರೆ. ಪೈಲಟ್‌ಗಳ ಕಥೆ, ಸ್ವಲ್ಪ ಉಪ್ಪು ಖಾರ ಇದ್ದೀತು. ಆಮೇಲೆ ಎಂಜಿನಿಯರಿಂಗ್ ಓದಿ, ಗಣಿತಜ್ಞ ಥಾಮಸ್ ಕ್ರಿಸ್ಟಿ ಜೊತೆ ಸೇರಿ, ಯಾವ ವಿಮಾನ ಯಾವ ಎತ್ತರದಲ್ಲಿ ಯಾವ ವೇಗದಲ್ಲಿ ಎಷ್ಟು ಚುರುಕು ಅಂತ ಲೆಕ್ಕ ಹಾಕಿದರು. ಎಷ್ಟೋ ಕಡೆ ಸೋವಿಯತ್ ವಿಮಾನಗಳೇ ಮೇಲು ಅಂತ ಬಂತು. ಮೇಲಧಿಕಾರಿಗಳಿಗೆ ಇದು ಹಿಡಿಸುತ್ತದೆಯೇ? ಆದರೂ ಅಮೆರಿಕದ ಎಫ್-16 ಯುದ್ಧವಿಮಾನದ ಹಿಂದೆ ಇರುವುದು ಈ ಲೆಕ್ಕವೇ.

ಒಂದು ಪ್ರಶ್ನೆ ಮಾತ್ರ ಅವರನ್ನು ಬಿಡಲಿಲ್ಲ. ಕೊರಿಯಾ ಯುದ್ಧದಲ್ಲಿ ಸೋವಿಯತ್‌ನ ಮಿಗ್-15 ಮೇಲಕ್ಕೇರುವುದರಲ್ಲಿ ಅಮೆರಿಕದ ಎಫ್-86ಕ್ಕಿಂತ ಜೋರು, ಆದರೂ ಜಾಸ್ತಿ ಗೆದ್ದದ್ದು ಎಫ್-86, ಯಾಕೆ? ಪೈಲಟ್‌ಗಳ ಅನುಭವದ ಜೊತೆಗೆ ಬಾಯ್ಡ್ ಇನ್ನೆರಡು ಕಾರಣ ಹೇಳಿದರು. ಗುಳ್ಳೆಯಂಥ ಗಾಜಿನ ಮುಚ್ಚಳದಿಂದ ಸುತ್ತಲೂ ಚೆನ್ನಾಗಿ ಕಾಣುತ್ತಿತ್ತು, ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕಂಟ್ರೋಲ್ ಇದ್ದದ್ದರಿಂದ ಒಂದು ತಿರುವಿನಿಂದ ಇನ್ನೊಂದಕ್ಕೆ ತಟ್ಟನೆ ಹೊರಳಬಹುದಿತ್ತು. ಬೇಗ ಕಂಡು ಬೇಗ ಹೊರಳುವುದು, ಊಡಾಕ್ಕೆ ಬೀಜ ಇಲ್ಲಿದೆ.

ಆದರೆ ನಿಮ್ಮ ಟ್ರೈನಿಂಗ್‌ನವರು ಹೇಳಿದ ಹಾಗೆ ಸುಮ್ನೆ ಬೇಗ ಸುತ್ತುವುದಲ್ಲ ಅದು. ನಾಲ್ಕರಲ್ಲಿ ಬಾಯ್ಡ್‌ಗೆ ಮುಖ್ಯವಾದದ್ದು ಎರಡನೆಯದು, ಗ್ರಹಿಸುವುದು. ಕಣ್ಣಿಗೆ ಬಿದ್ದದ್ದನ್ನು ನಾವು ನಮ್ಮ ಹಳೆಯ ಅನುಭವ, ಬೆಳೆದು ಬಂದ ರೀತಿ ಎಲ್ಲ ಸೇರಿಸಿಕೊಂಡೇ ಅರ್ಥ ಮಾಡಿಕೊಳ್ಳುತ್ತೇವೆ, ಅಲ್ವಾ? ಅದೇ ತಪ್ಪಿದ್ದರೆ ಎಷ್ಟು ಬೇಗ ಓಡಿದರೇನು. ಬಾಯ್ಡ್ ಮತ್ತೆ ಮತ್ತೆ ಹೇಳುತ್ತಿದ್ದ 1940ರ ಫ್ರಾನ್ಸನ್ನೇ ನೋಡಿ. ಟ್ಯಾಂಕುಗಳಲ್ಲಿ ಫ್ರೆಂಚರು ಜರ್ಮನರಿಗಿಂತ ಕಮ್ಮಿಯೇನಿರಲಿಲ್ಲ. ಬೆಲ್ಜಿಯಂ ಕಡೆಯ ಆರ್ಡೆನ್ಸ್ ಕಾಡಿನೊಳಗಿಂದ ದೊಡ್ಡ ಟ್ಯಾಂಕ್ ಪಡೆ ಅಷ್ಟು ಬೇಗ ಬರಲಾರದು ಅಂತ ನಂಬಿ ಕೂತಿದ್ದರು, ಜರ್ಮನರು ಅಲ್ಲಿಂದಲೇ ನುಗ್ಗಿದರು, ಆರು ವಾರದಲ್ಲಿ ಫ್ರಾನ್ಸ್ ಬಿತ್ತು.

ತಮಾಷೆ ಅಂದರೆ, ಈ ವಾಯುಪಡೆಯವರ ಮಾತನ್ನು ಹೆಚ್ಚು ಮನಸ್ಸಿಟ್ಟು ಕೇಳಿದ್ದು ಅಮೆರಿಕದ ಮರೀನ್ ಪಡೆ, ಅಂದರೆ ಹಡಗಿನಿಂದ ದಡಕ್ಕಿಳಿದು ಕಾದುವ ಸೈನ್ಯ. 1989ರ ಅವರ ಯುದ್ಧ ಕೈಪಿಡಿಯಲ್ಲಿ ಬಾಯ್ಡ್ ಪ್ರಭಾವ ಎದ್ದು ಕಾಣುತ್ತದೆ, ಕಾಗದಪತ್ರಗಳೂ ಕೊನೆಗೆ ಸೇರಿದ್ದು ಅವರ ಹತ್ತಿರವೇ.

ಇನ್ನೊಂದು. ಸಾಯುವ ಒಂದೆರಡು ವರ್ಷ ಮೊದಲು ಬಾಯ್ಡ್ ಬಿಡಿಸಿದ ಚಿತ್ರದಲ್ಲಿ ‘ಗ್ರಹಿಸು’ವಿನಿಂದ ನೇರವಾಗಿ ‘ಮಾಡು’ವಿಗೆ ಒಂದು ಬಾಣ ಹೋಗುತ್ತದೆ, ತೀರ್ಮಾನದ ಮನೆಗೆ ಕಾಲೇ ಇಡದೆ. ಪಳಗಿದ ಕೈ ಯೋಚಿಸುತ್ತಾ ಕೂರುವುದಿಲ್ಲವಲ್ಲ, ಅದಕ್ಕೆ. ನಿಮಗೆ ತೋರಿಸಿದ ಚಕ್ರದಲ್ಲಿ ಆ ಬಾಣ ಇತ್ತಾ?