ದಂಡೆಯ ಮೇಲಿನ ಲೆಕ್ಕ: ಈ ತಿಂಗಳ ಪ್ರಶ್ನೋತ್ತರ

(ಮೀನುಗಾರಿಕೆ ಅರ್ಥಶಾಸ್ತ್ರವನ್ನು ಮೂವತ್ತು ವರ್ಷ ಕಲಿಸಿ, ಈಗ ಕೊಪ್ಪಳದಲ್ಲಿ ನೆಲೆಸಿರುವ ನಿವೃತ್ತ ಪ್ರಾಧ್ಯಾಪಕಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಮೇಡಂ, ನಾನು ಗಂಗಾವತಿಯವನು. ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಮೀನುಗಾರಿಕೆ ಅರ್ಥಶಾಸ್ತ್ರ ಓದಿ ಲೆಕ್ಚರರ್ ಆಗಬೇಕು ಅಂತ ಆಸೆ. "ಮೀನಿಗೂ ಒಂದು ಅರ್ಥಶಾಸ್ತ್ರವಾ?" ಅಂತ ಮನೆಯಲ್ಲಿ ನಗುತ್ತಾರೆ. ಹೇಗೆ ಓದಬೇಕು? ಕೆಲಸ ಸಿಗುತ್ತಾ?

ನಗಲಿ ಬಿಡು ತಮ್ಮಾ. ನಮ್ಮವ್ವನೂ ನಕ್ಕಿದ್ದಳು. ಅವಳು ಮುನಿರಾಬಾದ್ ಕಡೆಯ ತುಂಗಭದ್ರಾ ದಂಡೆಯಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಊರೂರು ಮಾರುತ್ತಿದ್ದವಳು. "ನಾ ದಿನಾ ಮಾಡೂದನ್ನ ಕಲಿಯಾಕ ಮಂಗಳೂರಿಗೆ ಹೊಕ್ಕಿಯೇನ?" ಅಂದಿದ್ದಳು. ಅವಳ ಮಾತು ಸುಳ್ಳೇನಲ್ಲ. ಬೆಳಿಗ್ಗೆ ಯಾವ ರೇಟಿಗೆ ಕೊಳ್ಳಬೇಕು, ಶ್ರಾವಣದಲ್ಲಿ ಯಾವ ಊರು ಮೀನು ಮುಟ್ಟುವುದಿಲ್ಲ, ಬಿಸಿಲೇರಿದ ಮೇಲೆ ಎಷ್ಟು ಇಳಿಸಿ ಮಾರಬೇಕು, ಎಲ್ಲಾ ಅವಳ ತಲೆಯಲ್ಲೇ ಇತ್ತು. ಅವಕ್ಕೆಲ್ಲ ಒಂದೊಂದು ಹೆಸರಿದೆ ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ.

ದಾರಿ ಹೇಳುತ್ತೇನೆ. ಸಿಇಟಿ ಬರೆದು ಮೀನುಗಾರಿಕೆಯ ಪದವಿ ಬಿಎಫ್‌ಎಸ್‌ಸಿ ಸೇರು. ನಾಲ್ಕು ವರ್ಷ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರದ್ದು, ದೇಶದಲ್ಲೇ ಮೊದಲನೆಯದು. ಈಗ ಅದು ಬೀದರಿನ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. (ಕಾಲೇಜು ಕಡಲ ದಂಡೆಯಲ್ಲಿ, ಹೆಡ್ ಆಫೀಸು ಬೀದರಿನಲ್ಲಿ. ಒಂದು ಸಹಿಗಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕೂತವರಿಗೆ ಇದರ ರುಚಿ ಗೊತ್ತು.) 371(ಜೆ) ಸರ್ಟಿಫಿಕೇಟ್, ಅಂದರೆ ಕಲ್ಯಾಣ ಕರ್ನಾಟಕದವನು ಅನ್ನುವ ಪತ್ರ, ಈಗಲೇ ಮಾಡಿಸಿಟ್ಟುಕೋ. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನಮ್ಮ ಭಾಗದವರಿಗೆ ನೂರಕ್ಕೆ 8 ಸೀಟು ಮೀಸಲಿವೆ. ಕೌನ್ಸೆಲಿಂಗ್ ಹಿಂದಿನ ದಿನ ತಹಸೀಲ್ದಾರ್ ಕಚೇರಿಗೆ ಓಡಬೇಡ.

ಆಮೇಲೆ ಕೇಂದ್ರದ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಪ್ರವೇಶ ಪರೀಕ್ಷೆ ಬರೆದು ಎರಡು ವರ್ಷದ ಸ್ನಾತಕೋತ್ತರ ಪದವಿ ಎಂಎಫ್‌ಎಸ್‌ಸಿ. ಮುಂಬೈನ ವರ್ಸೋವಾದಲ್ಲಿ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆ ಇದೆ. 1961ರಲ್ಲಿ ಶುರುವಾಗಿ 1989ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ ಆಯಿತು. ಅರ್ಥಶಾಸ್ತ್ರಕ್ಕೆ ಅಲ್ಲಿ ಒಳ್ಳೆಯ ನೆಲೆ ಇದೆ. ನಂತರ ಪಿಎಚ್‌ಡಿ, ಅಧ್ಯಾಪಕ ಅರ್ಹತೆಯ ನೆಟ್ ಪರೀಕ್ಷೆ, ಸಹಾಯಕ ಪ್ರಾಧ್ಯಾಪಕ ಹುದ್ದೆ. ಸಂಶೋಧನೆಯೇ ಬೇಕು ಅಂದರೆ ಅದೇ ಪರಿಷತ್ತಿನ ವಿಜ್ಞಾನಿಗಳ ನೇಮಕಾತಿ ಪರೀಕ್ಷೆ ಎಆರ್‌ಎಸ್ ಬರೆದು ಕೊಚ್ಚಿಯ ಸಾಗರ ಮೀನುಗಾರಿಕೆ ಸಂಸ್ಥೆಗೋ ಬ್ಯಾರಕ್‌ಪುರದ ಒಳನಾಡು ಮೀನುಗಾರಿಕೆ ಸಂಸ್ಥೆಗೋ ವಿಜ್ಞಾನಿಯಾಗಿ ಹೋಗಬಹುದು.

ಕೆಲಸದ ವಿಷಯ ಮುಚ್ಚಿಡುವುದಿಲ್ಲ. ಹುದ್ದೆ ಕಡಿಮೆ, ಕಾಯುವವರು ಜಾಸ್ತಿ. ನನ್ನ ಜಾಣ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಬ್ಯಾಂಕಿನಲ್ಲಿ ಕೃಷಿ ಅಧಿಕಾರಿಗಳಾಗಿದ್ದಾರೆ. ಕೆಲವರು ನಬಾರ್ಡ್‌ಗೆ, ಕೆಲವರು ಇಲಾಖೆಗೆ ಹೋದರು. ಅವರು ಸೋತರು ಅಂತ ನಾನು ಅಂದುಕೊಂಡಿಲ್ಲ. ಕೆರೆ ನೋಡಿ ಸಾಲ ಕೊಡುವ ಮ್ಯಾನೇಜರ್ ನಮ್ಮ ಕಡೆ ಸಿಗುವುದೇ ಅಪರೂಪ ಅಲ್ವಾ?

ರಾಯಚೂರಿನಲ್ಲಿ ಮೀನು ಮಾರುಕಟ್ಟೆ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. 120 ಮೀನುಗಾರರ ಸಮೀಕ್ಷೆ ತಿಂಗಳ ಕೊನೆಗೆ ಮುಗಿಯಬೇಕು. ಯಾರೂ ನಿಜವಾದ ಆದಾಯ ಹೇಳುವುದಿಲ್ಲ. 70 ಆಗಿದೆ. ಉಳಿದದ್ದನ್ನು ಸರಾಸರಿ ಹಾಕಿ ತುಂಬು ಅಂತ ಗೆಳೆಯರು ಹೇಳುತ್ತಾರೆ.

ತುಂಬಬೇಡ. 70 ನಿಜವಾಗಿದ್ದರೆ 70ಕ್ಕೇ ಥೀಸಿಸ್ ಬರಿ, ಯಾಕೆ 70 ಅಂತ ಒಂದು ಪ್ಯಾರಾ ಸೇರಿಸು. ಆದರೆ ಆ 70 ನಿಜವಾ? ಅದು ನೋಡಬೇಕು.

ನನ್ನ ಕತೆ ಕೇಳು. 14 ಪುಟದ ಪ್ರಶ್ನಾವಳಿ ಹಿಡಿದು ಹಿನ್ನೀರಿನ ದಂಡೆಗೆ ಹೋಗಿದ್ದೆ. "ದಿನಕ್ಕೆ ಎಷ್ಟು ಕೆಜಿ ಹಿಡೀತೀರಿ?" ಅಂತ ಕೇಳಿದೆ. ಮೊದಲನೆಯವರು ನನ್ನ ಪೆನ್ನು ನೋಡಿ "ಎರಡು ಕೆಜಿ" ಅಂದರು. ಎರಡನೆಯವರೂ ಎರಡೇ. ಹೀಗೆ ಹನ್ನೊಂದು ಜನ. ಡೇಟಾ ಎಷ್ಟು ಚೆಂದ ಕೂಡಿಬಂತು ಅಂತ ಖುಷಿಯಿಂದ ಮನೆಗೆ ಬಂದೆ. ಅವ್ವ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಹಾಕಿ ನಕ್ಕಳು. "ದಿನಾ ಎರಡು ಕೆಜಿ ಹಿಡದಾಂವ ಹೊಸಾ ಬಲಿ ಹ್ಯಾಂಗ ತಂದ?" ಅಂದಳು. ನನ್ನನ್ನು ಅವರು ತೆರಿಗೆಯವಳು ಅಂದುಕೊಂಡಿದ್ದರು.

ಮರುದಿನ ಐದಕ್ಕೇ ಎಬ್ಬಿಸಿ ಕರೆದುಕೊಂಡು ಹೋದಳು. "ಪುಸ್ತಕ ಚೀಲದಾಗ ಇಡು, ತಕ್ಕಡಿ ಬಾಜೂ ಕುಂದ್ರು" ಅಂದಳು. ಹರಿಗೋಲು ಒಂದೊಂದೇ ದಡ ಮುಟ್ಟಿದವು. ತಕ್ಕಡಿ ಹಿಡಿದಿದ್ದ ಸಾಹುಕಾರ ಹತ್ತು ಕೆಜಿಗೆ ಒಂದು ಕೆಜಿ ನೀರಿನ ಲೆಕ್ಕದಲ್ಲಿ ಕಡಿತ ಮಾಡಿ, ಕಾಟ್ಲಾ ಮೀನಿಗೆ ಕೆಜಿಗೆ 9 ರೂಪಾಯಿ ಕೊಟ್ಟ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದ. ಅದೇ ಕಾಟ್ಲಾ, ಅದೇ ಸೈಜು. ಅವನಿಗೆ 11 ರೂಪಾಯಿ, ಕಡಿತವೂ ಇಲ್ಲ. ಯಾಕೆ ಅಂತ ಅವ್ವನನ್ನು ಕಣ್ಣಲ್ಲೇ ಕೇಳಿದೆ. "ಅಂವಾ ಸಾಲ ತಗೊಂಡಿಲ್ಲ" ಅಂದಳು. ಬಲೆಗೆ, ಹರಿಗೋಲಿಗೆ ಮುಂಗಡ ತಗೊಂಡವನು ಅದೇ ಸಾಹುಕಾರನಿಗೇ ಮೀನು ಹಾಕಬೇಕು. ಲೆಕ್ಕ ಹಾಕು. ಹತ್ತು ಕೆಜಿಗೆ ಒಬ್ಬನಿಗೆ 81 ರೂಪಾಯಿ, ಇನ್ನೊಬ್ಬನಿಗೆ 110. "ನಾ ಒಂದು ಪೈಸೆ ಬಡ್ಡಿ ಮುಟ್ಟಿಲ್ಲವ್ವಾ" ಅಂತ ಸಾಹುಕಾರ ಎದೆ ತಟ್ಟಿ ಹೇಳಿದ. ನಿಜವೇ. ಹತ್ತು ಕೆಜಿಗೆ 29 ರೂಪಾಯಿ ಮೀನಿನಲ್ಲೇ ಹೋಗುತ್ತಿತ್ತಲ್ಲ! ನನ್ನ ಥೀಸಿಸ್ಸಿನ ಅತಿ ಮುಖ್ಯ ಅಧ್ಯಾಯ ಅಲ್ಲಿ ಸಿಕ್ಕಿತು. ಆ 14 ಪುಟದಲ್ಲಿ ಸಾಲದ ಮೇಲೆ ಇದ್ದದ್ದು ಒಂದೇ ಪ್ರಶ್ನೆ: "ಬಡ್ಡಿ ದರ ಎಷ್ಟು?"

ಹಾಗಾಗಿ ವರ್ಷದ ಲೆಕ್ಕ ಕೇಳಬೇಡ, ನಿನ್ನೆಯದು ಕೇಳು. ಕೆಜಿ ಬಿಟ್ಟು ಬುಟ್ಟಿ ಕೇಳು. ಐಸು ಎಷ್ಟು ತಂದರು ಕೇಳು. ಹೆಂಗಸರ ಹತ್ತಿರ ಕೂತು ಮಾತಾಡು. ಸಾಲದ ಲೆಕ್ಕ ಅವರಿಗೇ ಸರಿಯಾಗಿ ಗೊತ್ತಿರುತ್ತದೆ. ನಿನ್ನ ಪತ್ರದ ಕೊನೆಯಲ್ಲಿ, ದುಡ್ಡು ಕೊಟ್ಟರೆ ವಾರದಲ್ಲಿ ಪೇಪರ್ ಹಾಕುವ ಜರ್ನಲ್ ಬಗ್ಗೆ ಕೇಳಿದ್ದೀ. ಆ ದುಡ್ಡಿನಲ್ಲಿ ದಂಡೆಗೆ ಇನ್ನೂ ಹತ್ತು ಸಲ ಹೋಗಿ ಬಾ.

ಸಿಂಧನೂರು ತಾಲೂಕಿನ ರೈತ. ಕಾಲುವೆ ಕೆಳಗಿನ ಹೊಲ ಸವಳಾಗಿ ಭತ್ತ ಬರುತ್ತಿರಲಿಲ್ಲ. 3 ಲಕ್ಷ ಖರ್ಚು ಮಾಡಿ 2 ಎಕರೆ ಮೀನು ಹೊಂಡ ಮಾಡಿದೆ. 5,000 ಮರಿ ಬಿಟ್ಟು, ಹತ್ತು ತಿಂಗಳಿಗೆ 4,000 ಕೆಜಿ ಹಿಡಿದು, ಕೆಜಿಗೆ 100ರಂತೆ ಮಾರಿದೆ. ಮರಿ, ಮೇವು, ಸುಣ್ಣ, ಕರೆಂಟು, ಬಲೆ ಎಳೆಸಿದ ಕೂಲಿ ಎಲ್ಲಾ ಸೇರಿ ಖರ್ಚು 2.80 ಲಕ್ಷ. ಲಾಭ 1.20 ಲಕ್ಷ. ಇನ್ನೂ 2 ಎಕರೆ ತೋಡಿಸಲಾ? ಮೇವು ಹಾಕೋದು ಮನೆಯವಳು, ದಿನಾ ಎರಡು ಹೊತ್ತು.

ಯಜಮಾನ್ರೇ, ಪತ್ರದ ಕೊನೆಯ ಸಾಲು ಬರೆದಿರಲ್ಲ, ಅದಕ್ಕೆ ನಮಸ್ಕಾರ. ಅಲ್ಲಿಂದಲೇ ಶುರು ಮಾಡೋಣ.

ಎರಡು ಹೊತ್ತಿನ ಮೇವಿಗೆ ದಿನಕ್ಕೆ ಎರಡು ತಾಸು, 300 ದಿನ ಅಂದರೆ 600 ತಾಸು. ಎಂಟು ತಾಸಿಗೆ ಒಂದು ಆಳು ಅಂದರೆ 75 ಆಳು. 400 ರೂಪಾಯಿ ಕೂಲಿ ಹಿಡಿದರೆ 30,000. ನಿಮ್ಮ ಮನೆಯ ಅಕ್ಕ ಮೇವು ಹಾಕದಿದ್ದರೆ ನೀವು ಕೊಡಲೇಬೇಕಿದ್ದ ದುಡ್ಡು ಇದು. ಹೊಂಡದ 3 ಲಕ್ಷವನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 30,000. ಖರ್ಚಿಗೆ ಹಾಕಿದ 2.80 ಲಕ್ಷದ ಬಡ್ಡಿ ಸುಮಾರು 8,000 ಇಟ್ಟುಕೊಳ್ಳಿ. ಎಲ್ಲಾ ಒಂದೇ ದಿನ ಹಾಕಿಲ್ಲವಾದ್ದರಿಂದ ಅರ್ಧ ಹಿಡಿದಿದ್ದೇನೆ. ಇನ್ನು ನೆಲ. ಎಕರೆಗೆ 10,000ಕ್ಕೆ ಯಾರಾದರೂ ಲಾವಣಿಗೆ (ಗುತ್ತಿಗೆಗೆ) ಕೇಳುತ್ತಿದ್ದರಾ? ಕೇಳುತ್ತಿದ್ದರೆ 20,000 ಕಳೆಯಿರಿ. ಆಗ ಉಳಿಯುವುದು 32,000. ಸವಳು ಹೊಲವನ್ನು ಯಾರೂ ಮೂಸುತ್ತಿರಲಿಲ್ಲ ಅಂದರೆ ನೆಲದ ಖರ್ಚು ಸೊನ್ನೆ. ಲಾಭ 52,000. ಅದೇ ಹೊಂಡ, ಅದೇ ಮೀನು. ಪಕ್ಕದ ಹೊಲದವರು ಏನು ಕೊಡುತ್ತಾರೆ ಅನ್ನುವುದರ ಮೇಲೆ ನಿಮ್ಮ ಲಾಭ ಬದಲಾಗುತ್ತದೆ. ವಿಚಿತ್ರ ಅನಿಸಬಹುದು, ಆದರೆ ಇದೇ ಸರಿಯಾದ ಲೆಕ್ಕ.

ಈಗ ಎರಡನೇ ಹೊಂಡದ ಮಾತು. ನೆಲದ ಬಾಡಿಗೆ ಸೇರಿಸಿದರೆ ನಿಮಗೆ ಒಂದು ಕೆಜಿ ಮೀನು ಬೆಳೆಯಲು 92 ರೂಪಾಯಿ ಬಿದ್ದಿದೆ. ರೇಟು 90ಕ್ಕೆ ಇಳಿದರೆ 8,000 ಲುಕ್ಸಾನು. ನಿಮ್ಮ ಸುತ್ತ ಎಲ್ಲರೂ ಒಂದೇ ತಿಂಗಳು ಹೊಂಡ ಖಾಲಿ ಮಾಡಿದರೆ ರೇಟು ಇಳಿಯುತ್ತದೆ. ಮೊದಲು ಇರುವ ಹೊಂಡದ ಮೀನನ್ನು ಎರಡು ಮೂರು ಕಂತಿನಲ್ಲಿ, ದೊಡ್ಡವನ್ನು ಆರಿಸಿ ಹಿಡಿಸಿ ನೋಡಿ. ಮೇವಿನ ಬಿಲ್ಲು ದಿನಾ ಬರೆದಿಡಿ. ಹೊಂಡದ ಖರ್ಚಿನಲ್ಲಿ ದೊಡ್ಡ ಪಾಲು ಅದೇ ಇರುತ್ತದೆ. ಒಂದು ವರ್ಷ ಹೀಗೆ ಮಾಡಿ, ಆಮೇಲೆ ಜೆಸಿಬಿ ಕರೆಸಿ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹೊಸ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ನೂರಕ್ಕೆ 40, ಹೆಂಗಸರಿಗೆ ಮತ್ತು ಪರಿಶಿಷ್ಟರಿಗೆ 60 ಸಹಾಯಧನ ಇಟ್ಟಿದ್ದರು. ಈಗ ಹೇಗಿದೆ ಅಂತ ತಾಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಸಿಗುವುದಾದರೆ ಅರ್ಜಿ ಅಕ್ಕನ ಹೆಸರಲ್ಲಿರಲಿ. ಮೇವು ಹಾಕುವವರು ಅವರೇ ತಾನೇ.

ಮಾನ್ವಿಯಿಂದ. ಬಿಎಫ್‌ಎಸ್‌ಸಿ ಕೊನೆಯ ವರ್ಷ. ಎಂಎಫ್‌ಎಸ್‌ಸಿಗೆ ಮುಂಬೈಗೆ ಹೋಗಲು ಅಪ್ಪ ಒಪ್ಪುತ್ತಿಲ್ಲ. ಹೆಣ್ಣುಮಗಳು ಬಂದರಿನಲ್ಲಿ ಏನು ಮಾಡ್ತಾಳೆ ಅಂತಾರೆ.

ತಂಗೀ, ಅಪ್ಪನನ್ನು ಒಂದು ಬೆಳಿಗ್ಗೆ ಮಲ್ಪೆ ಬಂದರಿಗೆ ಕರೆದುಕೊಂಡು ಹೋಗು. ಮೀನು ಆರಿಸುವವರು, ಹರಾಜಿನಲ್ಲಿ ಕೂಗುವವರು, ಬುಟ್ಟಿ ಹೊರುವವರು, ಅಲ್ಲಿ ಎಷ್ಟೊಂದು ಹೆಂಗಸರಿದ್ದಾರೆ ಅಂತ ಅವರೇ ಎಣಿಸಲಿ. ಹಾಸ್ಟೆಲ್ ಫೋಟೋವನ್ನೂ ತೋರಿಸು. ಅಪ್ಪಂದಿರು ಒಪ್ಪುವುದು ಹೆಚ್ಚಾಗಿ ಹಾಸ್ಟೆಲ್ ಗೇಟು ನೋಡಿದ ಮೇಲೆ.

ಅಕ್ಕಾವ್ರೇ, ನಮ್ಮದು ತುಂಗಭದ್ರಾ ಹಿನ್ನೀರಿನ ಹಳ್ಳಿ. 2024ರಲ್ಲಿ ಡ್ಯಾಮಿನ ಗೇಟು ಕೊಚ್ಚಿಹೋದಾಗಿನಿಂದ ಮೀನು ಕಡಿಮೆ ಆಗಿದೆ ಅಂತ ಹಿರಿಯರು ಹೇಳುತ್ತಾರೆ. ನಾನು ಸಣ್ಣವನಿದ್ದಾಗ ನಮ್ಮೂರಲ್ಲಿ 15 ಹರಿಗೋಲು ಇದ್ದವು. ಈಗ 40. ಎಲ್ಲರೂ ದುಡಿಯುತ್ತೇವೆ, ಯಾರಿಗೂ ಉಳಿಯುವುದಿಲ್ಲ.

ಆಗಸ್ಟ್ 10ರ ರಾತ್ರಿ 19ನೇ ಗೇಟು ಹೋದಾಗ ನಾವೂ ನಿದ್ದೆ ಮಾಡಲಿಲ್ಲ ತಮ್ಮಾ. ಆದರೆ ಉತ್ತರ ನಿನ್ನ ಪತ್ರದಲ್ಲೇ ಇದೆ. 15, 40.

1954ರಲ್ಲಿ ಸ್ಕಾಟ್ ಗಾರ್ಡನ್ ಅನ್ನುವ ಕೆನಡಾದ ಅರ್ಥಶಾಸ್ತ್ರಜ್ಞರು ಇದನ್ನೇ ಬರೆದರು. ಅವರು ಹೇಳಿದ್ದನ್ನು ನಮ್ಮ ಹರಿಗೋಲಿನಲ್ಲಿ ಹೇಳುತ್ತೇನೆ. ಹತ್ತು ಹರಿಗೋಲು ದಿನಕ್ಕೆ 100 ಕೆಜಿ ತರುತ್ತವೆ ಅನ್ನು. ತಲೆಗೆ ಹತ್ತು. ಹನ್ನೊಂದನೆಯವನು ಇಳಿಯುತ್ತಾನೆ. ನೀರಲ್ಲಿರುವ ಮೀನು ಅಷ್ಟೇ ಆದ್ದರಿಂದ ಒಟ್ಟು 105 ಆಗುತ್ತದೆ. ತಲೆಗೆ ಒಂಬತ್ತೂವರೆ. ಹೊಸಬನಿಗೆ ಖುಷಿ, ಕೂಲಿಗಿಂತ ಚೆನ್ನಾಗಿದೆ. ಆದರೆ ಅವನಿಂದ ಹೆಚ್ಚಾದದ್ದು ಬರೀ ಐದು ಕೆಜಿ. ಉಳಿದ ನಾಲ್ಕೂವರೆ ಉಳಿದವರ ಬಲೆಯಿಂದ ಬಂದದ್ದು. ಯಾರೂ ಕದ್ದಿಲ್ಲ, ಯಾರಿಗೂ ಕಾಣಿಸಿಲ್ಲ. ಹನ್ನೆರಡನೆಯವನೂ ಹೀಗೇ ಬರುತ್ತಾನೆ. ಮೀನು ಹಿಡಿದರೂ ಒಂದೇ, ಕೂಲಿಗೆ ಹೋದರೂ ಒಂದೇ ಅನ್ನುವ ತನಕ ಬರುತ್ತಲೇ ಇರುತ್ತಾರೆ. ನೀವು ಈಗ ಅಲ್ಲಿದ್ದೀರಿ.

ಆಮೇಲೆ ಬಲೆಯ ಕಣ್ಣು ಸಣ್ಣದಾಗುತ್ತದೆ. ನಿಮ್ಮೂರಲ್ಲೂ ಆಗಿರಬೇಕು, ನೀನು ಬರೆದಿಲ್ಲ ಅಷ್ಟೇ. ಅಂಗೈ ಉದ್ದದ ಕಾಟ್ಲಾ ಮಾರಿದರೆ ಏನು ಸಿಗುತ್ತೆ? ಅದನ್ನೇ ಬಿಟ್ಟಿದ್ದರೆ ವರ್ಷದಲ್ಲಿ ಕೆಜಿ ದಾಟುತ್ತಿತ್ತು. ಹಾಗಂತ ನೀನೊಬ್ಬನೇ ಬಿಟ್ಟರೆ ಪಕ್ಕದವನು ಹಿಡಿಯುತ್ತಾನೆ. ಅದಕ್ಕೇ ಬಲೆಯ ಕಣ್ಣಿನ ಮಾತು ಎಲ್ಲರೂ ಸೇರಿ ಆಡಬೇಕು. ಊರವರೇ ಕೂತು ನಿಯಮ ಮಾಡಿ, ತಾವೇ ಕಾದು ನಡೆಸಬಲ್ಲರು ಅಂತ ಎಲಿನಾರ್ ಆಸ್ಟ್ರಮ್ ಊರೂರಿನ ಉದಾಹರಣೆ ಇಟ್ಟು ತೋರಿಸಿದರು. 2009ರಲ್ಲಿ ನೊಬೆಲ್ ಬಂತು. ಅರ್ಥಶಾಸ್ತ್ರದಲ್ಲಿ ಆ ಬಹುಮಾನ ಪಡೆದ ಮೊದಲ ಹೆಂಗಸು ಅವರು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಹರಿಗೋಲಿನ ಸಂಖ್ಯೆ ಎತ್ತಬೇಡ, ಜಗಳ ಆಗುತ್ತೆ. ಬಲೆಯ ಕಣ್ಣಿನಿಂದ ಶುರು ಮಾಡು.

ಬಳ್ಳಾರಿಯಿಂದ. ಕೂಗಳತೆಯಲ್ಲಿ ಡ್ಯಾಮ್ ಇದ್ದರೂ ನಮ್ಮ ಮಾರ್ಕೆಟ್ಟಿಗೆ ಆಂಧ್ರದ ಮೀನು ಯಾಕೆ?

ಒಳನಾಡು ಮೀನು ಬೆಳೆಯುವುದರಲ್ಲಿ ದೇಶಕ್ಕೇ ಆಂಧ್ರ ಮೊದಲು. ಕೊಲ್ಲೇರು, ಭೀಮಾವರಂ ಕಡೆಯಿಂದ ಐಸು ತುಂಬಿದ ಲಾರಿಗಳು ಕೋಲ್ಕತ್ತದವರೆಗೆ ಹೋಗುತ್ತವೆ, ಬಳ್ಳಾರಿ ಯಾವ ಲೆಕ್ಕ? ಅಂಗಡಿಯವನಿಗೆ ದಿನಾ ಒಂದೇ ಸೈಜಿನ 50 ಕೆಜಿ ಬೇಕು. ಡ್ಯಾಮಿನಿಂದ ಒಂದು ದಿನ 20 ಬರುತ್ತೆ, ಇನ್ನೊಂದು ದಿನ 200, ಪ್ರವಾಹದ ದಿನ ಏನೂ ಇಲ್ಲ. ರೇಟಿಗಿಂತ ಅವನಿಗೆ ನಾಳೆಯ ಗ್ಯಾರಂಟಿ ಮುಖ್ಯ.

ಹಾಗಂತ ಡ್ಯಾಮ್ ಮೀನಿನ ಹೆಸರಿಗೆ ಬೆಲೆ ಇಲ್ಲದಿಲ್ಲ. ಹೋದ ತಿಂಗಳು ನಿಮ್ಮೂರಲ್ಲೇ "ಡ್ಯಾಮ್ ಮೀನು, ತಾಜಾ" ಅಂತ ಬೋರ್ಡು ನೋಡಿ ನಿಂತೆ. ಕೆಜಿಗೆ 30 ರೂಪಾಯಿ ಜಾಸ್ತಿ. ಹಿಂದೆ ಥರ್ಮಾಕೋಲ್ ಪೆಟ್ಟಿಗೆ ಮೇಲೆ ತೆಲುಗು ಅಕ್ಷರ. ನಾನು ಪೆಟ್ಟಿಗೆ ಕಡೆ ಕೈ ತೋರಿಸಿದೆ. ಹುಡುಗ ಮೀನು ಹೆಚ್ಚುತ್ತಲೇ ಹೇಳಿದ: "ಯಾವ ಡ್ಯಾಮ್ ಅಂತ ಬರದಿಲ್ರಿ ಅಕ್ಕಾ."