ಸ್ವತಂತ್ರ ಸದಸ್ಯರ ನೇಮಕ: ಅರ್ಜಿ ವಾಪಸ್ ಬಂದರೆ

ನಿಮ್ಮ ಮಾಹಿತಿ ಹಕ್ಕು ಅರ್ಜಿ ತಿರಸ್ಕೃತವಾಗಲು ಬಹುಶಃ ‘ಏಕೆ’ ಎಂಬ ಪದವೇ ಕಾರಣ. ಚುನಾವಣಾ ಸುಧಾರಣಾ ಸಮಿತಿಗೆ ಇಂಥವರನ್ನೇ ಸ್ವತಂತ್ರ ಸದಸ್ಯರನ್ನಾಗಿ ಏಕೆ ನೇಮಿಸಿದಿರಿ ಎಂದು ಕೇಳಿದ್ದೀರಿ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಸಿಗುವುದು ಕಡತದಲ್ಲಿರುವ ದಾಖಲೆ ಮಾತ್ರ, ಹೊಸದಾಗಿ ಬರೆದುಕೊಡುವ ಸಮಜಾಯಿಷಿ ಅಲ್ಲ. ಉದ್ದವೂ ಕಾರಣವಿರಬಹುದು: ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ.

ಹೊಸ ಅರ್ಜಿಯಲ್ಲಿ ದಾಖಲೆಗಳನ್ನು ಹೆಸರಿಸಿ ಕೇಳಿ. ಸಮಿತಿ ರಚನೆಯ ಆದೇಶ, ಪರಿಗಣಿಸಿದ ಹೆಸರುಗಳ ಪಟ್ಟಿ, ಆಯ್ಕೆಯ ಮಾನದಂಡ, ಸದಸ್ಯರು ಕೊಟ್ಟ ಹಿತಾಸಕ್ತಿ ಘೋಷಣೆ (ತಮಗೆ ಈ ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇದೆಯೇ ಎಂದು ಬರೆದುಕೊಟ್ಟದ್ದು). ಇವೆಲ್ಲಕ್ಕಿಂತ ಮುಖ್ಯವಾದದ್ದು ಕಡತದ ಟಿಪ್ಪಣಿ ಹಾಳೆ, ಅಂದರೆ ಅಧಿಕಾರಿಗಳು ಕಡತದಲ್ಲಿ ಬರೆದ ಅಭಿಪ್ರಾಯಗಳು. ಯಾರ ಹೆಸರು ಯಾವ ಹಂತದಲ್ಲಿ ಸೇರಿತು, ಯಾವುದು ಬಿಟ್ಟುಹೋಯಿತು ಎಂಬುದು ಸಾಮಾನ್ಯವಾಗಿ ಅಲ್ಲೇ ಕಾಣುತ್ತದೆ. ಅದನ್ನು ಮರೆಯಲೇಬೇಡಿ. ಹಿತಾಸಕ್ತಿ ಘೋಷಣೆ ಪಡೆದೇ ಇಲ್ಲ ಎಂದು ಉತ್ತರ ಬಂದರೆ ಅದೂ ದೊಡ್ಡ ಮಾಹಿತಿಯೇ.

ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ವಿಧಾನಸೌಧದಲ್ಲೋ ಎಂ.ಎಸ್. ಬಿಲ್ಡಿಂಗಿನಲ್ಲೋ ಎಂದು ಅಲೆಯಬೇಡಿ, ಆದೇಶದ ಕೆಳಗೆ ಸಹಿ ಹಾಕಿದ ಇಲಾಖೆಗೇ ಕೊಟ್ಟು ಸ್ವೀಕೃತಿ ಪಡೆಯಿರಿ. ತಪ್ಪಿ ಬೇರೆಡೆ ಕೊಟ್ಟರೆ ಕಲಂ 6(3)ರಡಿ 5 ದಿನದೊಳಗೆ ಅವರೇ ವರ್ಗಾಯಿಸಬೇಕು.

ವೈಯಕ್ತಿಕ ಮಾಹಿತಿ ಎಂದು ನಿರಾಕರಿಸಿದರೆ, ವಿಳಾಸ, ಫೋನ್ ನಂಬರ್ ಅಳಿಸಿ ಉಳಿದದ್ದು ಕೊಡಿ ಎಂದು ಕಲಂ 10 ಉಲ್ಲೇಖಿಸಿ. ಸಾರ್ವಜನಿಕ ಹಿತಾಸಕ್ತಿ ಹೆಚ್ಚಿದ್ದರೆ ವಿನಾಯಿತಿ ಇರುವ ಮಾಹಿತಿಯನ್ನೂ ಕೊಡಬಹುದು ಎನ್ನುವ ಕಲಂ 8(2) ಕೂಡ ಇದೆ. ಇದು ಸಚಿವ ಸಂಪುಟದ ಕಡತ, ಕೊಡಲಾಗದು ಎಂದು ಹೇಳಿದರೆ, ತೀರ್ಮಾನವಾಗಿ ವಿಷಯ ಮುಗಿದ ಮೇಲೆ ಆ ವಿನಾಯಿತಿ ನಿಲ್ಲುವುದಿಲ್ಲ. ಆದರೆ ಸಮಿತಿ ಇನ್ನೂ ಕೆಲಸ ಮಾಡುತ್ತಿದ್ದರೆ ಈ ವಾದ ಎಷ್ಟು ನಡೆಯುತ್ತದೆಂದು ಖಚಿತವಾಗಿ ಹೇಳಲಾಗದು.

30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಸ್ವೀಕೃತಿಯ ಪ್ರತಿ ಲಗತ್ತಿಸಿ.