ಫೆರೆರ್ ಸತ್ತದ್ದು ಗೊತ್ತಾಯಿತು, ಶಾಲೆ ಎಲ್ಲಿ?

ನಮಸ್ಕಾರ.

ಮಾಡರ್ನ್ ಸ್ಕೂಲ್ ಎಂಬ ಶಾಲೆ ಕಟ್ಟಿದ ಸ್ಪೇನಿನ ಶಿಕ್ಷಣ ಚಿಂತಕ, ಅನಾರ್ಕಿಸ್ಟ್ (ಸರ್ಕಾರದ, ಚರ್ಚಿನ ಅಧಿಕಾರ ಒಪ್ಪದವರು) ಫ್ರಾನ್ಸಿಸ್ಕೊ ಫೆರೆರ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಶ್ರಮವೂ ಕಾಣುತ್ತದೆ. ಆದರೆ ಎರಡು ಕಡೆ ಸಿಟ್ಟೇ ಬಂತು.

'ಬಡಮಕ್ಕಳಿಗೆ ಉಚಿತ ಶಾಲೆ ತೆರೆದು, ಅವರನ್ನು ಇಷ್ಟಬಂದಂತೆ ಬೆಳೆಯಲು ಬಿಟ್ಟರು' ಅಂತ ಬರೆದಿದ್ದೀರಿ. ಒಂದೇ ವಾಕ್ಯದಲ್ಲಿ ಎರಡು ತಪ್ಪು. 1901ರ ಸೆಪ್ಟೆಂಬರ್ 8ರಂದು ಬಾರ್ಸಿಲೋನಾದ ಬೈಲೆನ್ ಬೀದಿಯಲ್ಲಿ ಮಾಡರ್ನ್ ಸ್ಕೂಲ್ ಶುರುವಾದಾಗ ಇದ್ದದ್ದು 18 ಹುಡುಗರು, 12 ಹುಡುಗಿಯರು. ಫೀಸು ಇತ್ತು, ಎಲ್ಲರಿಗೂ ಒಂದೇ ಅಲ್ಲ. ಮನೆಯವರ ಶಕ್ತಿ ನೋಡಿ ಹೆಚ್ಚುಕಡಿಮೆ. ಬಡವರನ್ನಷ್ಟೇ ಕೂರಿಸಿದರೆ ಒಂದೋ ತಗ್ಗಿಬಗ್ಗಿ ನಡೆಯುವುದನ್ನು ಕಲಿಸಬೇಕಾಗುತ್ತದೆ, ಇಲ್ಲ ದ್ವೇಷವನ್ನು ಎಂಬುದು ಫೆರೆರ್ ವಾದ. ಉಚಿತ ಎಂದ ಕೂಡಲೇ ಈ ವಾದವೇ ಹೊರಟುಹೋಯಿತು.

ಇನ್ನು 'ಇಷ್ಟಬಂದಂತೆ'. ಬೇಕಾದರೆ ತರಗತಿಗೆ ಬಾ, ಬೇಡವಾದರೆ ಬಿಡು ಎಂದದ್ದು 1921ರಲ್ಲಿ ಸಮ್ಮರ್‌ಹಿಲ್ ಶಾಲೆ ಕಟ್ಟಿದ ಸ್ಕಾಟ್ಲೆಂಡಿನ ಶಿಕ್ಷಕ ಎ.ಎಸ್. ನೀಲ್. ಫೆರೆರ್ ಹತ್ತಿರ ಪರೀಕ್ಷೆ, ಬಹುಮಾನ, ಶಿಕ್ಷೆ ಇರಲಿಲ್ಲ ನಿಜ. ಏನು ಕಲಿಸಬೇಕು ಎಂಬುದನ್ನು ಮಾತ್ರ ಅವರೇ ತೀರ್ಮಾನಿಸುತ್ತಿದ್ದರು. ಇದ್ದ ಪಠ್ಯ ಒಗ್ಗದೆ ಸ್ವಂತ ಪ್ರಕಾಶನ ತೆರೆದರು. ಧರ್ಮ, ಯುದ್ಧ, ಹಣದ ವಿರುದ್ಧ ನೇರವಾಗಿ ಪಾಠ ಮಾಡಿಸಿದರು. ಮಗುವಿನ ತಲೆಗೆ ಸಿದ್ಧಾಂತ ತುಂಬಬಾರದು ಎಂದವರು ಮಾಡಿದ್ದೇನು ಹಾಗಾದರೆ? ಅನಾರ್ಕಿಸ್ಟರಲ್ಲೇ ಒಬ್ಬರಾದ ರಿಕಾರ್ಡೊ ಮೆಯಾ, ಪಾಠ ಯಾವ ಸಿದ್ಧಾಂತದ ಪರವೂ ಇರಬಾರದು ಎಂದು ತಗಾದೆ ತೆಗೆದಿದ್ದರು. ನಿಮ್ಮ ಲೇಖನದ ಜೀವ ಇರಬೇಕಾದದ್ದು ಇಲ್ಲಿ, ಒಂದು ಸಾಲೂ ಇಲ್ಲ.

ಎರಡನೆಯದು: 'ರಾಜನ ಮೇಲೆ ಬಾಂಬ್ ಹಾಕಿಸಿದ ಆರೋಪದಲ್ಲಿ ಗಲ್ಲಿಗೇರಿಸಿದರು.' ಇಲ್ಲ. 1906ರ ಮೇ 31ರಂದು ಮ್ಯಾಡ್ರಿಡ್‌ನಲ್ಲಿ ರಾಜನ ಮದುವೆ ಮೆರವಣಿಗೆಗೆ ಬಾಂಬ್ ಎಸೆದವನು ಮತೇಯೊ ಮೊರಾಲ್, ಶಾಲೆಯ ಪ್ರಕಾಶನದಲ್ಲಿ ಕೆಲಸಕ್ಕಿದ್ದವನು. ಶಾಲೆ ಮುಚ್ಚಿಸಿದರು; ಫೆರೆರ್ ಒಂದು ವರ್ಷ ಜೈಲಿನಲ್ಲಿದ್ದು 1907ರ ಜೂನ್‌ನಲ್ಲಿ ಖುಲಾಸೆಯಾದರು. ಪ್ರಾಣ ತೆಗೆದದ್ದು ಬೇರೆ ಕೇಸು: ಮೊರಾಕ್ಕೊ ಯುದ್ಧಕ್ಕೆ ಜನರನ್ನು ಕಳಿಸುವುದರ ವಿರುದ್ಧ 1909ರ ಜುಲೈನಲ್ಲಿ ಬಾರ್ಸಿಲೋನಾ ದಂಗೆಯೆದ್ದಾಗ ಅದರ ಮುಂದಾಳು ಇವರೇ ಎಂದು ಮಿಲಿಟರಿ ಕೋರ್ಟು ತೀರ್ಪಿತ್ತಿತು. ಅಕ್ಟೋಬರ್ 13ರಂದು ಮೊಂಜುಯಿಕ್ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಗಲ್ಲಲ್ಲ.

ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ ಹಿರಿಯರು ಇಸವಿಗಳನ್ನೆಲ್ಲ ಮೊದಲು ಒಂದು ಚೀಟಿಯಲ್ಲಿ ಸಾಲಾಗಿ ಬರೆಸುತ್ತಿದ್ದರು. ನೀವೂ ಬರೆದುಕೊಳ್ಳಿ, 1906 ಮತ್ತು 1909 ಆಗ ಒಂದರೊಳಗೊಂದು ಸೇರುವುದಿಲ್ಲ.

ವಿಚಾರಣೆ, ಸಾವಿನ ಎರಡು ಪುಟ ಅರ್ಧ ಪುಟವಾಗಲಿ. ಉಳಿದ ಜಾಗಕ್ಕೆ ಫೀಸು, ಪಠ್ಯ, ತಂದೆತಾಯಂದಿರಿಗೂ ತೆರೆದಿದ್ದ ಭಾನುವಾರದ ಉಪನ್ಯಾಸ, ಮೆಯಾ ತಗಾದೆ ಬರಲಿ. 'ಮಹಾನ್ ಚೇತನ' ನಾಲ್ಕು ಸಲ ಇದೆ, ನಾಲ್ಕನ್ನೂ ಹೊಡೆದುಹಾಕಿ ಕಳಿಸಿ.